ಬೀಗರ ಮನೆಯಲ್ಲಿ ಬರೀ ಬಿಸಿನೀರು ಕೇಳಿದ್ದು

ಗ್ರೀನ್ ಟೀ ಕುಡಿಯುವುದರಿಂದ ಗಂಡಸರಿಗೆ ಏಳು ಲಾಭಗಳಿವೆ. ಇದನ್ನು ನಾನು ಹೇಳುತ್ತಿಲ್ಲ, ನನ್ನ ಮೊಬೈಲ್ ಹೇಳಿತು. ತೂಕ ಇಳಿಯುತ್ತದೆ, ಹೃದಯ ಗಟ್ಟಿಯಾಗುತ್ತದೆ, ಬುದ್ಧಿ ಚುರುಕಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಕೂದಲು ಉದುರುವುದಿಲ್ಲ, ದಣಿವಾಗುವುದಿಲ್ಲ, ಬಾಯಿ ವಾಸನೆ ಬರುವುದಿಲ್ಲ. ಈ ಏಳರಲ್ಲಿ ಆರು ನನಗೆ ಬೇಕಾಗಿರಲಿಲ್ಲ. ಹದಿನೇಳು ವರ್ಷದ ನನ್ನ ಕಳೆ, ಕೂದಲು, ಹೃದಯ ಮನಗೂಳಿಯ ತುಂಬ ಹೆಸರುವಾಸಿ. ಬುದ್ಧಿಯ ವಿಷಯದಲ್ಲಿ ಮನೆಯವರಿಗೂ ನನಗೂ ಸ್ವಲ್ಪ ಭಿನ್ನಾಭಿಪ್ರಾಯವಿದೆ, ಅದು ಬೇರೆ ಮಾತು. ನನಗೆ ಬೇಕಾಗಿದ್ದದ್ದು ಮೊದಲನೆಯ ಲಾಭ ಮಾತ್ರ. ಅದೂ ಲೆಕ್ಕದ್ದು. ಎರಡು ಕೆಜಿ ಎಂಟುನೂರು ಗ್ರಾಂ!

ಹೊರ್ತಿಯಲ್ಲಿ ಕಬಡ್ಡಿ ಇಟ್ಟಿದ್ದರು. ನಮ್ಮ ಕಡೆ ಕಬಡ್ಡಿಯನ್ನು ತೂಕದ ಮೇಲೆ ಆಡಿಸುತ್ತಾರೆ. ಇದು ಐವತ್ತೈದು ಕೆಜಿ ಒಳಗಿನವರದು. ಆಟಕ್ಕೆ ಮುಂಚೆ ಒಬ್ಬೊಬ್ಬರನ್ನೇ ಕಾಟಾದ ಮೇಲೆ, ಅಂದರೆ ಕಾಳಿನ ಚೀಲ ತೂಗುವ ಯಂತ್ರದ ಮೇಲೆ, ನಿಲ್ಲಿಸಿ ನೋಡುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದೆಲ್ಲ ತಂಡಗಳು ಬರುತ್ತವೆ ಎಂದು ಸುದ್ದಿಯಾಗಿತ್ತು. ನಮ್ಮ ಓಣಿಯ ತಂಡದ ನಾಯಕ ಮೈಬೂಬ. ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಯಾರನ್ನು ಕಂಡರೂ ಯಾವ ನಟ್ಟು ಸಡಿಲಾಗಿದೆ ಎಂದು ಹುಡುಕುವ ಚಟ. ಹತ್ತು ದಿನ ಮೊದಲೇ ಅವನು ನಮ್ಮೆಲ್ಲರನ್ನು ಅಪ್ಪನ ಕಿರಾಣಿ ಅಂಗಡಿಗೆ ಕರೆತಂದು ಕಾಟಾದ ಮೇಲೆ ನಿಲ್ಲಿಸಿದ.

"ಶಿವ್ಯಾ, ಐವತ್ತೇಳು ಪಾಯಿಂಟ್ ಎಂಟು! ಏನ್ ತಿಂತೀಲೇ? ಅಂಗಡ್ಯಾನ ಚೀಲ ತಿಂತಿಯೇನು?"

"ಅದು ಎಲುಬಿನ ತೂಕಲೇ," ಎಂದೆ.

"ಹಂಗಾರ ಎರಡು ಎಲುಬು ತಗದು ಮನ್ಯಾಗಿಟ್ಟು ಬಾ. ಇಲ್ಲಾಂದ್ರ ಕಾಸ್ಯಾನ್ನ ಹಾಕ್ಕೋತೇನಿ."

ಕಾಸ್ಯಾ ಅಂದರೆ ನಮ್ಮ ಓಣಿಯ ಕಾಶೀನಾಥ. ನಲವತ್ತಾರು ಕೆಜಿ. ಗಾಳಿ ಜೋರಾಗಿ ಬೀಸಿದರೆ ಬಟ್ಟೆ ಒಣಗಿಸುವ ತಂತಿ ಹಿಡಿದು ನಿಲ್ಲುವ ಪ್ರಾಣಿ. ಅವನು ನನ್ನ ಜಾಗದಲ್ಲಿ! ಇದನ್ನು ಕೇಳಿ ನನ್ನ ಗಟ್ಟಿ ಹೃದಯವೂ ಒಮ್ಮೆ ಬಡಿತ ಮರೆಯಿತು.

ಈ ಕಾಟಾದ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನೂ ನನ್ನ ಅಕ್ಕ ಸಾವಿತ್ರಿಯೂ ಸಣ್ಣವರಿದ್ದಾಗಿನಿಂದ ವಾರಕ್ಕೊಮ್ಮೆ ಅದರ ಮೇಲೆ ನಿಂತು ಜಗಳಾಡುತ್ತಿದ್ದೆವು. ಅವಳೇ ಯಾವಾಗಲೂ ಹೆಚ್ಚು. ಹೋದ ವರ್ಷ ಅವಳ ಮದುವೆಯ ಅರಿಶಿನದ ಹಿಂದಿನ ದಿನ ಕೊನೆಯ ಸಲ ನಿಂತಾಗ ಇಬ್ಬರದೂ ಸರಿಯಾಗಿ ಐವತ್ತೆರಡು ಬಂತು. "ನನ್ನ ಸಮ ಆಗಾಕ ನಿನಗ ಹದಿನಾರು ವರ್ಷ ಬೇಕಾತು ನೋಡು," ಎಂದು ತಲೆಗೊಂದು ಮೊಟಕಿ ಇಳಿದಳು. ನಂತರ ನಾನು ಏರುತ್ತಾ ಹೋದೆ, ಅವಳು ಹೊರ್ತಿಗೆ ಹೋದಳು. ಹೌದು, ಕಬಡ್ಡಿ ಇಟ್ಟದ್ದು ಅಕ್ಕನ ಗಂಡನ ಊರಿನಲ್ಲೇ. ಊರಲ್ಲಿ ನಮ್ಮವರಿದ್ದಾರೆ, ಚಪ್ಪಾಳೆಗೆ ಕೊರತೆಯಿಲ್ಲ ಎಂದು ಇದನ್ನೂ ನಾನು ಲಾಭದ ಪಟ್ಟಿಗೆ ಸೇರಿಸಿಕೊಂಡಿದ್ದೆ. ಎಂಟನೆಯ ಲಾಭ!

ವಿಜಯಪುರಕ್ಕೆ ಓದಲು ಹೋಗುವ ಗೆಳೆಯನ ಕೈಯಲ್ಲಿ ಗ್ರೀನ್ ಟೀಯ ಒಂದು ಡಬ್ಬಿ ತರಿಸಿದೆ. ಒಳಗೆ ದಾರ ಕಟ್ಟಿದ ಪುಟ್ಟ ಪುಟ್ಟ ಚೀಲಗಳು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಒಂದನ್ನು ದಾರ ಹಿಡಿದು ಎತ್ತಿ, ಬೆಳಕಿಗೆ ಹಿಡಿದು ನೋಡಿದಳು.

"ಚಲೋ ಐತಿ. ಯಾರ ಕಟ್ಟಿ ಕೊಟ್ರು? ಕೊಳ್ಳಿಗಿ ಕಟಗೋಬೇಕೋ, ರಟ್ಟಿಗೋ?"

"ತಾಯತ ಅಲ್ಲಬೇ ಅದು, ಚಾ!"

"ಚಾ?" ಆಯಿ ಮೂಸಿದಳು. "ಕಣಕಿ ವಾಸ್ನಿ ಬರಾಕತ್ತೈತಲ್ಲೋ. ಎಮ್ಮಿಗಿ ತಂದೀಯೇನು?"

ನಾನು ಮೊಬೈಲ್ ತೆಗೆದು ಏಳೂ ಲಾಭಗಳನ್ನು ಗಟ್ಟಿಯಾಗಿ ಓದಿದೆ. ಆಯಿ ಭಕ್ತಿಯಿಂದ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಹೆಂಗಸರು ಕುಡದ್ರ ಏನಾಕ್ಕೈತಿ?"

"ಅದನ್ನ ಬರದಿಲ್ಲ. ಇದು ಗಂಡಸರಿಗಷ್ಟ."

"ಹಂಗಾರ ಬಿಡು," ಎಂದು ಆಯಿ ಒಲೆ ಹಚ್ಚಲು ಹೋದಳು.

ಅರ್ಧ ಗಂಟೆಯ ನಂತರ ನನ್ನ ಮುಂದೆ ಗ್ರೀನ್ ಟೀ ಬಂತು. ನಾಲ್ಕು ಚೀಲ ಹರಿದು, ಪುಡಿ ಸುರಿದು, ಶುಂಠಿ ಜಜ್ಜಿ ಹಾಕಿ, ಎಮ್ಮೆಯ ಗಟ್ಟಿ ಹಾಲು ಹೊಯ್ದು, ಅಂಗೈ ತುಂಬ ಸಕ್ಕರೆ ಹಾಕಿ, ಅದರ ಜೀವ ಹೋಗುವ ತನಕ ಕುದಿಸಿದ್ದಳು. "ಹಾಲು ಹಾಕಿದ ಮ್ಯಾಲ ಬಣ್ಣ ಬಂತು ನೋಡು. ಅಲ್ಲೀತನಕ ಮುಸುರಿ ನೀರು ಆಗಿತ್ತು," ಎಂದಳು. ಹಾಲು, ಸಕ್ಕರೆ ಹಾಕಬಾರದು, ಕುದಿಸಬಾರದು, ಬಿಸಿನೀರಲ್ಲಿ ಅದ್ದಿ ತೆಗೆಯಬೇಕು ಎಂದು ವಿವರಿಸಿದೆ. ಆಯಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಅಪ್ಪನಿಗೆ ಬೇರೆಯೇ ದುಃಖ. "ನಾ ಇಡೀ ಊರಿಗೆ ಚಾಪುಡಿ ಮಾರ್ತೇನಿ. ನನ್ನ ಮಗ ವಿಜಾಪುರದಿಂದ ಚಾಪುಡಿ ತರಸ್ಕೋತಾನ! ಮಂದಿ ಏನ್ ತಿಳಕೋಬೇಕು? ನಮ್ಮ ಮಾಲು ನಮಗ ಸೇರೂದಿಲ್ಲ ಅಂತ ತಿಳಕೋತಾರ." ಈ ಮಾತನ್ನು ನಾನು ಆಗ ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಅಪ್ಪನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಮಾರ್ಕ್ಸ್‌ಕಾರ್ಡಿಗೆ ಸಹಿ ಬೇಕಾದಾಗ ಮಾತ್ರ.

ದಿನಕ್ಕೆ ನಾಲ್ಕು ಸಲ ಆ ಕಹಿ ನೀರನ್ನು ಕುಡಿದೆ. ರುಚಿ? ಬೇವಿನ ಎಲೆ ತೊಳೆದ ನೀರಲ್ಲಿ ಯಾರೋ ಕಾಲು ತೊಳೆದಂತೆ! ಆದರೂ ಮುಖದ ಮೇಲೆ ಮಂದಹಾಸ ಇಟ್ಟುಕೊಂಡು, ಬೇಕೆಂದೇ ಚಾದಂಗಡಿಯ ಮುಂದೆ ನಿಂತು ಕುಡಿಯುತ್ತಿದ್ದೆ. ಅಲ್ಲಿ ಬಸಿಯಲ್ಲಿ ಚಾ ಸುರಿದುಕೊಂಡು ಸೊರ್ರೆನ್ನುತ್ತಿದ್ದ ಹಿರಿಯರಿಗೆ ಉಚಿತ ಉಪನ್ಯಾಸ ಬೇರೆ. "ಕಾಕಾ, ನಿಮ್ಮ ಕೂದಲಾ ಹೋಗಿದ್ದು ಈ ಹಾಲಿನ ಚಾದಿಂದರೀ. ಮೊದಲ ಗ್ರೀನ್ ಟೀ ಕುಡದಿದ್ರ ಇವತ್ತ ಬಾಚಣಿಕಿ ಬೇಕಾಗಿತ್ತು." ಕಾಕಾ ಬೋಳು ತಲೆ ಸವರಿಕೊಂಡು, "ನಿನ್ನ ನಾಲಿಗಿ ಸಣ್ಣ ಮಾಡೂ ಚಾ ಯಾವದರ ಐತೇನು ನೋಡಪಾ," ಎಂದರು. ಮಹಾಪುರುಷರಿಗೆ ಇಂಥ ಅಡ್ಡಿಗಳು ಸಹಜ.

ತೂಕ ಇಳಿಯತೊಡಗಿತು! ಐವತ್ತೇಳು. ಐವತ್ತಾರೂವರೆ. ಐವತ್ತಾರು. ಒಂದು ಸಣ್ಣ ಸತ್ಯವನ್ನು ಯಾರಿಗೂ ಹೇಳಿರಲಿಲ್ಲ: ಸಂಜೆಯ ರೊಟ್ಟಿಗಳನ್ನು ನಾನು ತಿನ್ನದೆ ಎಮ್ಮೆಗೆ ಹಾಕುತ್ತಿದ್ದೆ. ಆದರೆ ಎಮ್ಮೆ ಬಾಯಿಬಿಡುವ ಹಾಗಿರಲಿಲ್ಲ. ಕೀರ್ತಿಯೆಲ್ಲ ಗ್ರೀನ್ ಟೀಗೇ ಹೋಯಿತು. ಅಂಗಡಿಗೆ ಬಂದವರನ್ನೆಲ್ಲ ನಿಲ್ಲಿಸಿ, ಕಾಟಾ ಹತ್ತಿ, ಅಂಕಿ ತೋರಿಸುತ್ತಿದ್ದೆ. ಬೆಲ್ಲಕ್ಕೆ ಬಂದವರು ನನ್ನ ತೂಕ ತಿಳಿದುಕೊಂಡು ಬೆಲ್ಲ ಮರೆತು ಹೋಗುತ್ತಿದ್ದರು.

ಕಬಡ್ಡಿಯ ದಿನ ಬೆಳಿಗ್ಗೆ ಉಗುರು ಕತ್ತರಿಸಿ, ಮೂಗು ಸೀನಿ, ಬರೀ ಚಡ್ಡಿಯಲ್ಲಿ ಕಾಟಾ ಹತ್ತಿದೆ. ಐವತ್ನಾಲ್ಕು ಪಾಯಿಂಟ್ ಒಂಬತ್ತು! ನೂರು ಗ್ರಾಂ ಉಳಿತಾಯ! ಮೈಬೂಬ ನನ್ನನ್ನು ಎತ್ತಿ ಸುತ್ತಿಸಿದ. "ಇವತ್ತ ನೀ ಉಗುಳು ಸೈತ ನುಂಗಬ್ಯಾಡ," ಎಂದ.

ಅಷ್ಟರಲ್ಲಿ ಅವ್ವ ಗಂಟೊಂದನ್ನು ಕೈಗಿಟ್ಟಳು. ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಒಂದು ಕುಬಸದ ಅರಿವೆ, ಅಂದರೆ ರವಿಕೆಯ ಬಟ್ಟೆ. "ಅಕ್ಕನ ಮನಿಗಿ ಕೊಟ್ಟ ಬಾ. ಊರಿಗಿ ಹೋಗಿ ಅಕ್ಕನ್ನ ನೋಡಲಾರದ ಬಂದ್ರ ಚಂದ ಕಾಣೂದಿಲ್ಲ." ಕ್ರೂಸರ್ ಗಾಡಿಯಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತು, ಒಂಬತ್ತು ಗಂಟೆಗೆ ಹೊರ್ತಿ ಮುಟ್ಟಿದೆವು. ತೂಗುವುದು ಹತ್ತೂವರೆಗೆ. ಮೈಬೂಬ ನನ್ನ ಕಾಲರ್ ಹಿಡಿದು ಕೊನೆಯ ಅಪ್ಪಣೆ ಕೊಟ್ಟ:

"ಗಂಟು ಕೊಡು, ತಿರುಗು, ಬಾ. ಬೀಗರ ಮನಿ ಅದು. ಒಂದು ಕಪ್ಪು ಚಾ ಕುಡದ್ರ ನೂರು ಗ್ರಾಂ ಹೋತು. ತಿಳೀತಿಲ್ಲೋ?"

"ಅದಕ್ಕೊಂದು ಪ್ಲಾನ್ ಮಾಡೇನಿ," ಎಂದು ಜೇಬು ತಟ್ಟಿದೆ. ಜೇಬಿನಲ್ಲಿ ನಾಲ್ಕು ಗ್ರೀನ್ ಟೀ ಚೀಲಗಳಿದ್ದವು. ಅವರು ಚಾ ಅಂದಾಗ ನಾನು ಬರೀ ಬಿಸಿನೀರು ಕೇಳುವುದು, ಅದರಲ್ಲಿ ಇದನ್ನು ಅದ್ದುವುದು, ಒಂದು ಗುಟುಕು ಕುಡಿದಂತೆ ಮಾಡಿ ಇಟ್ಟುಬಿಡುವುದು. ಮರ್ಯಾದೆಯೂ ಉಳಿಯಿತು, ತೂಕವೂ ಉಳಿಯಿತು. ಗ್ರೀನ್ ಟೀಯಿಂದ ಬುದ್ಧಿ ಚುರುಕಾಗುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು!

ಬಾಗಿಲಲ್ಲಿ ಅಕ್ಕ ಕೈಕಾಲಿಗೆ ನೀರು ಕೊಟ್ಟಳು. ತಂಬಿಗೆ ಎತ್ತಿದಾಗ ಅವಳ ಹಸಿರು ಬಳೆಗಳೆಲ್ಲ ಝಲ್ಲೆಂದು ಮೊಣಕೈತನಕ ಜಾರಿದವು.

"ಏ ಅಕ್ಕಾ, ಯಾರ ಅಳತಿಗಿ ಬಳಿ ಇಡಸ್ಕೊಂಡಿ? ನಿಮ್ಮ ಅತ್ತೀ ಅಳತಿಗೇನು?" ನನ್ನ ಜೋಕಿಗೆ ನಾನೇ ನಕ್ಕೆ. ಅವಳೂ ನಕ್ಕು ಕೈ ಇಳಿಸಿದಳು. ಬಳೆಗಳು ವಾಪಸು ಬಂದವು. ನಾನು ಗಂಟು ಅವಳ ಕೈಗಿಟ್ಟು, ಅಲ್ಲೇ ಅಂಗಿ ಎತ್ತಿ ಹೊಟ್ಟೆ ತೋರಿಸಿದೆ.

"ನೋಡಿಲ್ಲಿ. ಹತ್ತ ದಿನದಾಗ ಮೂರು ಕೆಜಿ! ಕಾಣಸ್ತೈತಿಲ್ಲೋ?"

"ಹೌದೋ ತಮ್ಮಾ. ಭಾಳ ಸೊರಗೀದಿ."

"ಸೊರಗಿದ್ದಲ್ಲಬೇ, ಸ್ಲಿಮ್!"

ಅಷ್ಟರಲ್ಲಿ ಅಕ್ಕನ ಅತ್ತೆ ಪಡಸಾಲೆಗೆ ಬಂದರು. ಹೊರ್ತಿಯಲ್ಲಿ ಅವರ ಮಾತಿಗೆ ಎರಡನೆಯ ಮಾತಿಲ್ಲ. ಎತ್ತು ಬೆದರಿದರೂ ಅವರು ಕೆಮ್ಮಿದರೆ ನಿಲ್ಲುತ್ತದೆ ಎಂದು ಕೇಳಿದ್ದೆ.

"ಬಾ ತಮ್ಮಾ, ಬಾ. ಎಲ್ಲಾರೂ ಆರಾಮ ಅದಾರ? ಏ ಸಾವಿತ್ರಿ, ಚಾಕ್ಕ ಇಡು. ಹಾಲು ಗಟ್ಟಿ ಹಾಕು."

ನಾನು ಕೈ ಮುಗಿದು, ಅತ್ಯಂತ ವಿನಯದಿಂದ, ಟಿವಿಯಲ್ಲಿ ವೈದ್ಯರು ಮಾತಾಡುವ ಧಾಟಿಯಲ್ಲಿ ಹೇಳಿದೆ: "ಅತ್ತಿ, ಚಾ ಬ್ಯಾಡ್ರಿ. ಬರೇ ಬಿಸಿನೀರು ಕೊಡ್ರಿ ಸಾಕು. ಚಾಪುಡಿ ನಾನ ತಂದೇನ್ರಿ."

ಹಾಲಿಗೆ ಹೆಪ್ಪು ಹಾಕಿದಂತೆ ಇಡೀ ಮನೆ ಗಟ್ಟಿಯಾಯಿತು. ಒಳಗೆ ಅಕ್ಕನ ಕೈಯಿಂದ ಚಮಚ ಬಿದ್ದ ಸದ್ದು.

"ಏನಂದಿ?"

"ಚಾಪುಡಿ ತಂದೇನ್ರಿ, ಇಲ್ಲಿ ನೋಡ್ರಿ." ಚೀಲವನ್ನು ದಾರ ಹಿಡಿದು ತೂಗಿಸಿ ತೋರಿಸಿದೆ.

ಬೀಗರ ಮನೆಗೆ ಹೋದವನು ಅವರ ಒಲೆಯ ಮುಂದೆ ಬುತ್ತಿ ಬಿಚ್ಚಿದರೆ ಏನರ್ಥವೋ ಇದಕ್ಕೂ ಅದೇ ಅರ್ಥ. ನಿಮ್ಮ ಮನೆಯದು ನಮಗೆ ಸೇರುವುದಿಲ್ಲ! ಅಪ್ಪ ಅಂಗಡಿಯಲ್ಲಿ ಹೇಳಿದ್ದು ಇದೇ. ನನಗೆ ಆ ಕ್ಷಣಕ್ಕೂ ಹೊಳೆಯಲಿಲ್ಲ. ಗ್ರೀನ್ ಟೀಯ ಮೂರನೆಯ ಲಾಭ ಇನ್ನೂ ಕೆಲಸ ಶುರು ಮಾಡಿರಲಿಲ್ಲ.

"ಎರಡು ಎಮ್ಮಿ ಹಿಂಡತಾವು ಈ ಮನ್ಯಾಗ," ಅತ್ತೆಯ ದನಿ ಮೆತ್ತಗೆ ಬಂತು. ಮೆತ್ತಗಿನ ದನಿಯೇ ಅಪಾಯಕಾರಿ ಎಂದು ಎತ್ತುಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. "ಬೀಗರ ಹುಡುಗಗ ಬಿಸಿನೀರು ಕುಡಿಸಿ ಕಳಿಸಿದ್ರು ಅಂತ ಮಂದಿ ಮಾತಾಡಬೇಕೇನು?"

ಆಗಲಾದರೂ ಸುಮ್ಮನಿರಬೇಕಿತ್ತು. ನಾನು ವಿವರಣೆ ಕೊಟ್ಟೆ! "ಹಂಗಲ್ರಿ ಅತ್ತಿ. ನಿಮ್ಮ ಚಾದಾಗ ಸಕ್ಕರಿ ಭಾಳ ಇರತೈತ್ರಿ, ಹೊಟ್ಟಿ ಬರತೈತಿ. ಬೇಕಾದ್ರ ಮಾವಗ ಇದನ್ನ ಕುಡಸ್ರಿ. ಲಗ್ನದಾಗಿನ್ಕಿಂತ ಈಗ ಅವ್ರ ಹೊಟ್ಟಿ ಮುಂದ ಬಂದೈತಿ. ಗಂಡಸರಿಗಿ ಏಳು ಲಾಭ ಅದಾವ್ರಿ..."

ಮಾವ ಅಂದರೆ ಅಕ್ಕನ ಗಂಡ, ಅಂದರೆ ಈ ಅತ್ತೆಯ ಒಬ್ಬನೇ ಮಗ. ಒಂದೇ ಉಸಿರಿನಲ್ಲಿ ನಾನು ಅವರ ಚಾ, ಅವರ ಸಕ್ಕರೆ, ಅವರ ಮಗನ ಹೊಟ್ಟೆ ಮೂರನ್ನೂ ಮುಗಿಸಿದ್ದೆ.

ಅತ್ತೆ ಎದ್ದು ಹೊಸ್ತಿಲಿಗೆ ಹೋಗಿ ಎದುರು ಮನೆಗೆ ಕೂಗಿದರು: "ಕೇಳಿದೇನ ತಂಗೆವ್ವಾ! ನಮ್ಮ ಸೊಸಿ ತಮ್ಮ ಚಾಪುಡಿ ಕಟಗೊಂಡು ಬಂದಾನ. ನಮ್ಮದು ಅವ್ರಿಗಿ ಸೇರೂದಿಲ್ಲಂತ!"

ಆ ಓಣಿಯಲ್ಲಿ ಮಾವನ ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಗಳು ಸಾಲಾಗಿ ಐದು. ಸುದ್ದಿ ಮೊದಲ ಮನೆಗೆ 'ಚಾಪುಡಿ ತಂದಾನ' ಎಂದು ಹೊರಟದ್ದು, ಐದನೆಯ ಮನೆ ಮುಟ್ಟುವಷ್ಟರಲ್ಲಿ 'ಚಾದಾಗ ಏನರ ಹಾಕಿರತಾರಂತ ಹೆದರಿ ತವರಮನಿಯವ್ರು ಕಟ್ಟಿ ಕಳಿಸ್ಯಾರ' ಎಂದಾಗಿತ್ತು. ಮೊಬೈಲಿನಲ್ಲೂ ಸುದ್ದಿ ಅಷ್ಟು ಜೋರಾಗಿ ಓಡುವುದಿಲ್ಲ!

ಅಕ್ಕ ನನ್ನ ಕಿವಿ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಒಂದ ವರ್ಷ ಆತು ನಾ ಬಂದು. ತವರಮನಿ ಮ್ಯಾಲ ಒಂದು ಮಾತು ಬರಲಾರದಂಗ ನೋಡಕೊಂಡೇನಿ. ನೀ ಒಂದ ಮಿನಿಟಿನ್ಯಾಗ ಎಲ್ಲಾ ತೊಳದಿ."

"ನಾ ಏನ್ ಮಾಡಿದೆಬೇ? ಬಿಸಿನೀರು ಕೇಳಿದೆ."

"ಈಗ ಇಲ್ಲಿ ಚಾ ಕುಡಿ. ಆಮ್ಯಾಲ ಐದೂ ಮನಿಗಿ ಹೋಗು. ಎಲ್ಲಾರ ಮನ್ಯಾಗೂ ಕುಡಿ. ಕಪ್ಪಿನ ತಳಾ ಕಾಣಬೇಕು. ಚಲೋ ಐತ್ರಿ ಅನ್ನು."

"ಅಕ್ಕಾ, ತೂಕ! ನನ್ನ ಹಂತೇಕ ಬರೇ ನೂರು ಗ್ರಾಂ ಐತಿ. ನನ್ನ ಆಟ ಹೋಕ್ಕೈತಿ!"

ಅಕ್ಕ ಕಿವಿ ಬಿಟ್ಟಳು. "ನೀ ಇವತ್ತೊಂದಿನ ಆಡಿ ಹೋಗ್ತಿ ಶಿವೂ. ನಾ ಇಲ್ಲೇ ಇರಬೇಕು."

ನಾನು ಗ್ರೀನ್ ಟೀ ಚೀಲವನ್ನು ಜೇಬಿಗೆ ತುರುಕಿದೆ.

ಹಾಗಾಗಿ ಆ ಐತಿಹಾಸಿಕ ಯಾತ್ರೆ ಆರಂಭವಾಯಿತು. ಅತ್ತೆಯ ಮನೆಯಲ್ಲಿ ಸ್ಟೀಲ್ ಗ್ಲಾಸು ತುಂಬ ಚಾ, ಮೇಲೆ ಕೆನೆ. ಮೊದಲ ಮನೆಯಲ್ಲಿ ಚಾ ಮತ್ತು ಅವಲಕ್ಕಿ ಚೂಡಾ. ಎರಡನೆಯದರಲ್ಲಿ ಚಾ ಮತ್ತು ಶೇಂಗಾ ಉಂಡಿ. "ತಮ್ಮಾ, ಚಾಪುಡಿ ತಂದೀಯೋ, ನಮ್ಮದ ಹಾಕಲ್ಯೋ?" ಎಂದು ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ, ಅದೇ ನಗು. ನಾಲ್ಕನೆಯ ಮನೆಯಲ್ಲಿ ಒಬ್ಬ ಮುದುಕಪ್ಪ ನನ್ನ ಬಾಯನ್ನೇ ನೋಡುತ್ತ, ನಾನು ನುಂಗಿದೆನೋ ಇಲ್ಲವೋ ಎಂದು ಗಂಟಲಿನ ಗುಟುಕು ಎಣಿಸುತ್ತ ಕುಳಿತಿದ್ದ. "ಚಲೋ ಐತ್ರಿ," ಎಂದೆ. "ಹಂಗಾರ ಇನ್ನೊಂದು ಅರ್ಧಾ ಹಾಕು," ಎಂದು ಒಳಗೆ ಕೂಗಿದ! ಹತ್ತು ದಿನ ಕಹಿ ಕುಡಿದು ಇಳಿಸಿದ್ದನ್ನು ಸಿಹಿ ಕುಡಿದು ಒಂದು ತಾಸಿನಲ್ಲಿ ಏರಿಸುತ್ತಿದ್ದೆ. ಐದನೆಯ ಮನೆಯಿಂದ ಹೊರಬಿದ್ದಾಗ ನಾನು ನಡೆದರೆ ಹೊಟ್ಟೆಯೊಳಗೆ ಕೊಡದ ನೀರಿನಂತೆ ಗುಳುಗುಳು ಸದ್ದು.

ಹತ್ತೂವರೆ. ಮೈದಾನ. ಸೀಟಿ ಕೊರಳಿಗೆ ಹಾಕಿಕೊಂಡ ತೀರ್ಪುಗಾರರು. ನನ್ನ ಹೆಸರು ಕರೆದರು. ಉಸಿರು ಒಳಗೆಳೆದು ಕಾಟಾ ಹತ್ತಿದೆ. ಉಸಿರು ಎಳೆದರೆ ತೂಕ ಕಡಿಮೆಯಾಗುತ್ತದೆ ಎಂಬುದು ನನ್ನದೇ ಸಂಶೋಧನೆ.

"ಐವತ್ತೈದು ಪಾಯಿಂಟ್ ಏಳು. ಮುಂದಿನವ್ರು ಬರ್ರಿ."

ಅಂಗಿ ಬಿಚ್ಚಿದೆ. ಉಡದಾರ ಬಿಚ್ಚಿದೆ. ಜಾಲಿಕಂಟಿಯ ಹಿಂದೆ ಮೂರು ಸಲ ಹೋಗಿ ಬಂದೆ. ಮೈದಾನಕ್ಕೆ ನಾಲ್ಕು ಸುತ್ತು ಓಡಿದೆ. ಉಗುಳಿದೆ, ಬೆವರು ಒರೆಸಿದೆ, ಮತ್ತೆ ಹತ್ತಿದೆ. ಐವತ್ತೈದು ಪಾಯಿಂಟ್ ಎರಡು! ಇನ್ನೂರು ಗ್ರಾಂ! ಒಂದು ಜೊತೆ ಚಪ್ಪಲಿಯ ತೂಕ!

"ಟೈಮ್ ಮುಗೀತು," ತೀರ್ಪುಗಾರರು ಪಟ್ಟಿ ಮಡಚಿದರು.

ಮೈಬೂಬ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಷ್ಟ ಕಪ್ಪು?" ಎಂದು ಕೇಳಿದ.

"ಆರೂವರೆ."

"ಗ್ರೀನಾ?"

"ಎಮ್ಮೀದು."

ಅವನು ತಲೆಯಾಡಿಸಿ, "ಕಾಸ್ಯಾ, ಅಂಗಿ ಬಿಚ್ಚು," ಎಂದ.

ಕಾಸ್ಯಾ ನಮ್ಮ ತಂಡವನ್ನು ಸೋಲಿಸಲಿ, ಎಲ್ಲರೂ ನನ್ನ ಹೆಸರು ಹೇಳಿ ಹಣೆ ಬಡಿದುಕೊಳ್ಳಲಿ ಎಂದು ದೇವರಲ್ಲಿ ಬೇಡಿಕೊಂಡೆ. ಆ ನಲವತ್ತಾರು ಕೆಜಿ ಪ್ರಾಣಿ ಎದುರಿನವರ ಕಾಲ ಸಂದಿಯಿಂದ ನುಸುಳಿ ನುಸುಳಿ ಪಾಯಿಂಟ್ ತಂದ. ಸಿಂದಗಿಯವರು ಅವನನ್ನು ಹಿಡಿಯಲು ಹೋಗಿ ಒಬ್ಬರನ್ನೊಬ್ಬರು ಹಿಡಿದರು! ನಾವು ಗೆದ್ದೆವು. ಅಂದರೆ, ಅವರು ಗೆದ್ದರು. ನನ್ನಿಂದ ಸೋತಿದ್ದರೆ ಕನಿಷ್ಠ ನನ್ನ ಹೆಸರಾದರೂ ಬಾಯಲ್ಲಿ ಇರುತ್ತಿತ್ತು.

ಇಂಡಿಯವರ ಜೊತೆಗಿನ ಆಟಕ್ಕೆ ಇನ್ನೂ ಹೊತ್ತಿತ್ತು. ತೀರ್ಪುಗಾರರ ಕಣ್ಣು ಖಾಲಿ ಕುಳಿತ ನನ್ನ ಮೇಲೆ ಬಿತ್ತು. "ಏ ಹುಡುಗಾ, ಈ ಕಾಟಾ ನಿಮ್ಮ ಮಾವನ ಮನೀದಂತಲ್ಲ. ಒಯ್ದು ಇಟ್ಟ ಬಾ." ಮಾವನದು ತೊಗರಿ ವ್ಯಾಪಾರ. ನನ್ನನ್ನು ಹೊರಹಾಕಿದ ಕಾಟಾವನ್ನು ನಾನೇ ತಲೆಯ ಮೇಲೆ ಹೊತ್ತು ಓಣಿಯುದ್ದಕ್ಕೂ ನಡೆದೆ. "ಚಾಪುಡಿ ತೂಗಾಕ ಒಯ್ಯಾಕತ್ತೀಯೇನು?" ಎಂದು ಕಟ್ಟೆಯ ಮೇಲಿನವರು ಕೇಳಿದರು.

ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಅತ್ತೆ ಎದುರು ಮನೆಗೆ ಹೋಗಿದ್ದರು. ನನ್ನ ವಿಷಯ ಮಾತಾಡಲು ಎಂದು ಬೇರೆ ಹೇಳಬೇಕಿಲ್ಲ. ಅಂಗಳದಲ್ಲಿ ಅಕ್ಕ ಪಾತ್ರೆ ತಿಕ್ಕುತ್ತಿದ್ದಳು. ನಾನು ಕಾಟಾ ಇಳಿಸಿ, ಹತ್ತಿ ನಿಂತೆ. ಐವತ್ನಾಲ್ಕು ಪಾಯಿಂಟ್ ಒಂಬತ್ತು! ಈಗ! ನಗಬೇಕೋ ಅಳಬೇಕೋ ತಿಳಿಯದೆ, ಬೇರೆ ಏನೂ ತೋಚದೆ, "ನೀನೂ ನಿಲ್ಲು ಬಾ ಅಕ್ಕಾ, ಮೊದಲಿನಂಗ," ಎಂದೆ.

"ಹೋಗೋ, ಕೈ ಬೂದಿ ಆಗ್ಯಾವು."

"ಕೈ ತೂಗೂದಿಲ್ಲ ಬಾಬೇ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಗುತ್ತ ಹತ್ತಿದಳು. ಅಂಕಿಗಳು ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿ ನಿಂತವು.

ನಲವತ್ಮೂರು ಪಾಯಿಂಟ್ ಎಂಟು.

ಕಾಟಾ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಅದೇ ಕಾಟಾ ನನ್ನನ್ನು ಇನ್ನೂರು ಗ್ರಾಂಗೆ ಹೊರಹಾಕಿದ್ದು ನೆನಪಾಯಿತು. ಕೆಟ್ಟಿರಲಿಲ್ಲ. ವರ್ಷದ ಹಿಂದೆ ಐವತ್ತೆರಡಿದ್ದಳು. ನಾನು ಅವಳ ಕೈ ನೋಡಿದೆ. ಮೊಣಕೈಯಲ್ಲಿ ಬಳೆಗಳು. ಬೆಳಿಗ್ಗೆ ನಾನು ಜೋಕು ಮಾಡಿದ ಬಳೆಗಳು.

ಅವಳೂ ಅಂಕಿ ನೋಡಿದಳು. "ಐವತ್ತೈದರ ಒಳಗ ಅದೇನಲ್ಲೋ. ಆಡಾಕ ಕರಕೊಂಡು ಹೋಗ್ತೀಯೇನು?" ಎಂದಳು.

"ಏನ್ ಕುಡದಿಬೇ ನೀ?" ನನ್ನ ಬಾಯಿಂದ ಹೊರಟದ್ದು ಅದೇ. ಹತ್ತು ದಿನದ ಅಭ್ಯಾಸ.

"ಹೆಂಗಸರು ಚಾ ಕುಡಿಯೂದು ಬೇಕಾಗಿಲ್ಲೋ ತಮ್ಮಾ. ಮಂದಿಗಿ ಕುಡಸ್ಕೋತ ಇದ್ರ ಸಾಕು, ಇಳೀತಾರ."

ಇಳಿದು ಮತ್ತೆ ಪಾತ್ರೆಗಳ ಮುಂದೆ ಕುಳಿತಳು. ಬೈಗುಳವಿಲ್ಲ, ಬಡಿತವಿಲ್ಲ, ಕೆಟ್ಟವರು ಯಾರೂ ಇಲ್ಲ ಎಂದಳು. ನಸುಕಿನಲ್ಲಿ ಏಳಬೇಕು, ಹನ್ನೊಂದು ಮಂದಿಗೆ ರೊಟ್ಟಿ ಬಡಿಯಬೇಕು, ತೊಗರಿ ಮಾರಲು ಬಂದವರಿಗೆಲ್ಲ ಚಾ. "ಎಲ್ಲಾರದೂ ಮುಗದು ನಾ ಕುಂಡರೂದ್ರಾಗ ಹಸಿವು ಸತ್ತಿರತೈತಿ. ಅಷ್ಟ. ಅಪ್ಪಗ ಹೇಳಬ್ಯಾಡ ಮತ್ತ."

ನಾನು ಹೇಳುವುದಿಲ್ಲ ಎಂದು ಆಣೆ ಮಾಡಿದೆ. ನನ್ನ ಹೊಟ್ಟೆಯಲ್ಲಿ ಆರೂವರೆ ಕಪ್ಪು ಚಾ ನಿಂತಿತು, ಈ ಮಾತು ನಿಲ್ಲಲಿಲ್ಲ.

ಸಂಜೆ ಅಂಗಡಿಯಲ್ಲಿ ಅಪ್ಪ ಯಾರದೋ ತೊಗರಿ ಚೀಲ ತೂಗುತ್ತಿದ್ದ. ಕಾಲು ಕೆಜಿ ಕಡಿಮೆ ಬಂದರೂ ಚೀಲ ಬಿಚ್ಚಿಸಿ ನೋಡುವ ಮನುಷ್ಯ.

"ಬಂದ್ರೇನ ಪೈಲವಾನರು! ಎಷ್ಟ ಬಂತು?"

"ನಲವತ್ಮೂರು ಪಾಯಿಂಟ್ ಎಂಟು."

"ಅವರ ಕಾಟಾ ಕೆಟ್ಟೈತೇನು?"

"ನಂದಲ್ಲ. ಅಕ್ಕಂದು."

ಚೀಲ ಎಷ್ಟಾಯಿತೆಂದು ಗಿರಾಕಿ ಎರಡು ಸಲ ಕೇಳಿದ. ಒಳಗಿನಿಂದ ಆಯಿ ನಿಧಾನವಾಗಿ ಹೊರಗೆ ಬಂದಳು. "ಪಂಚಮಿಗಿ ಬಂದಾಗ ಅಕೀ ಕುಬಸಾ ಹಿಡದು ಹೊಲದು ಕೊಟ್ಟೆ ನಾ. ಎರಡೂ ಕಡೆ ಎರಡೆರಡು ಬೆರಳು. ಸೂಜಿ ಹಿಡದು ಕುಂತಿದ್ದೆ, ಬಾಯಿಬಿಟ್ಟು ಕೇಳಲಿಲ್ಲ."

ಆ ಪಂಚಮಿಯಲ್ಲಿ ನಾವೆಲ್ಲ ಅವಳ ಹೊಸ ಸೀರೆಯನ್ನು ನೋಡಿ ಚೆಂದ ಎಂದಿದ್ದೆವು.

ಮರುದಿನ ಮೊದಲ ಬಸ್ಸಿಗೆ ಅಪ್ಪ ಹೊರ್ತಿಗೆ ಹೋದ. ಮಧ್ಯಾಹ್ನ ಅಕ್ಕನ ಜೊತೆ ಇಳಿದ. ಎರಡು ತಿಂಗಳು ಇಲ್ಲೇ ಇರುತ್ತಾಳೆ, ದವಾಖಾನೆಗೆ ತೋರಿಸಿಯಾಯಿತು, ಅಲ್ಲಿ ರೊಟ್ಟಿ ಬಡಿಯಲು ಒಬ್ಬ ಹೆಂಗಸನ್ನು ಗೊತ್ತು ಮಾಡುತ್ತಾರಂತೆ. ಅತ್ತೆ ಹೇಗೆ ಒಪ್ಪಿದರು ಎಂದು ಕೇಳಿದೆ. "ಮೊದಲ ಅವ್ರು ಕೊಟ್ಟ ಚಾ ಕುಡದೆ. ಎರಡು ಕಪ್ಪು. ಚಲೋ ಐತ್ರಿ ಅಂದೆ. ಆಮ್ಯಾಲ ಮಾತಾಡಿದೆ," ಎಂದ ಅಪ್ಪ, ನನ್ನ ಕಡೆ ಒಂದು ನೋಟ ಎಸೆದು.

ಉಳಿದ ಗ್ರೀನ್ ಟೀ ಚೀಲಗಳಲ್ಲಿ ಒಂದನ್ನು ಆಯಿ ದೃಷ್ಟಿಯಾಗದಿರಲೆಂದು ಎಮ್ಮೆಯ ಕರುವಿನ ಕೊರಳಿಗೆ ಕಟ್ಟಿದ್ದಾಳೆ. ಕೊನೆಗೂ ಅದು ಸರಿಯಾದ ಜಾಗ ಸೇರಿತು. ಈಗ ಬೆಲ್ಲಕ್ಕೆ ಬಂದವರು, ಎಣ್ಣೆಗೆ ಬಂದವರು ಎಲ್ಲರೂ ಅಂಗಡಿಯಲ್ಲಿ ಕೇಳುವುದು ಒಂದೇ: "ಸಾವಿತ್ರಿ ಎಷ್ಟಾದ್ಲು?" ನಿನ್ನೆ ನಲವತ್ತಾರೂವರೆ ಆದಳು. ಕಾಸ್ಯಾನನ್ನು ದಾಟಿದಳು! ಓಣಿಯಲ್ಲೆಲ್ಲ ಅದೇ ಮಾತು. ನನ್ನ ತೂಕವನ್ನು ಮಾತ್ರ ಆವತ್ತಿನಿಂದ ಒಬ್ಬರೂ ಕೇಳಿಲ್ಲ.

ಐವತ್ತೆಂಟು ಪಾಯಿಂಟ್ ನಾಲ್ಕು. ನೀವೂ ಕೇಳಲಿಲ್ಲ, ಆದರೂ ಹೇಳಿಬಿಟ್ಟೆ!